ಹರಕೆಗೆ ಬಿಟ್ಟ ಮಾತ್ರೆ

ಗಾನವಿಯ ಕೆನ್ನೆ ಊದಿಕೊಂಡಾಗ ಗೋಪಾಳದ ಆ ಬೀದಿಯಲ್ಲಿ ಸಂತೋಷಪಡದವರೇ ಇರಲಿಲ್ಲ. ಅಲ್ಲಿಯವರೆಗೆ ಯಾವ ಫ್ರಾಕು ಹಾಕಿದರೂ ಹ್ಯಾಂಗರಿಗೆ ನೇತುಹಾಕಿದಂತೆ ಕಾಣುತ್ತಿದ್ದ ಐದು ವರ್ಷದ ಹುಡುಗಿ ಅವಳು. "ಏನ್ ಮಾರಾಯ್ತಿ, ಮಗಳಿಗೆ ಏನ್ ಹಾಕ್ತಿದ್ದೀಯ? ಬನ್ ಆದಂಗೆ ಆಗಿದ್ದಾಳಲ್ಲ!" ಎಂದು ಎದುರುಮನೆಯ ವಿಶಾಲಮ್ಮ ಗೇಟಿನಲ್ಲೇ ನಿಂತು ಕೆನ್ನೆ ಹಿಂಡಿದ್ದರು. ಅಜ್ಜಿ ಕಲ್ಲಮ್ಮನಿಗಂತೂ ಹೆಮ್ಮೆಯೋ ಹೆಮ್ಮೆ. ಮೊಮ್ಮಗಳಿಗೆ ಕೊನೆಗೂ ತನ್ನ ಕೈಯಡುಗೆ ಹತ್ತಿತು ಎಂದು ಬಂದವರಿಗೆಲ್ಲ ಹೇಳಿ, ಅವರೆಲ್ಲ ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು.

ತಾಯಿ ಸ್ಫೂರ್ತಿಗೆ ಅನುಮಾನ ಬಂದದ್ದು ಶಾಲೆಯ ಕಾಲುಚೀಲದಿಂದ. ಒಂದು ಸಂಜೆ ಕಾಲುಚೀಲ ಕಳಚಿದಾಗ ಅದರ ಎಲಾಸ್ಟಿಕ್ಕು ಮಗುವಿನ ಕಾಲಿನಲ್ಲಿ ಬಳೆಯ ಹಾಗೆ ಗುಂಡಗೆ ಕೊರೆದುಬಿಟ್ಟಿತ್ತು. ಪಕ್ಕದಲ್ಲಿ ಬೆರಳಿಟ್ಟು ಒತ್ತಿದಳು. ನಾದಿದ ಹಿಟ್ಟಿನಲ್ಲಿ ಬೆರಳು ಇಟ್ಟಂತೆ ಗುಳಿ ಬಿತ್ತು, ಏಳಲೇ ಇಲ್ಲ.

"ಅಮ್ಮ, ಇನ್ನೊಂದ್ಸಲ ಒತ್ತು, ಚೆನ್ನಾಗಿದೆ" ಎಂದಳು ಗಾನವಿ.

ಮರುದಿನ ಬೆಳಗ್ಗೆ ಅವಳ ಕಣ್ಣುಗಳು ತೆರೆಯಲಾಗದಷ್ಟು ಊದಿದ್ದವು.

ಮಕ್ಕಳ ಡಾಕ್ಟರು ಹೆಂಗಸು. ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳುವವರು. ನೆಫ್ರೋಟಿಕ್ ಸಿಂಡ್ರೋಮ್ ಎಂಬ ಹೆಸರು ಹೇಳಿ, ಅದು ಅರ್ಥವಾಗಲಿಲ್ಲವೆಂದು ಮುಖ ನೋಡಿಯೇ ತಿಳಿದು, "ಕಿಡ್ನಿ ಅನ್ನೋದು ಜರಡಿ ಇದ್ದಂಗಮ್ಮ. ಇವಳ ಜರಡಿ ಕಣ್ಣು ದೊಡ್ಡದಾಗಿಬಿಟ್ಟಿದೆ. ಮೈಯಲ್ಲಿ ನಿಲ್ಲಬೇಕಾದ ಸತ್ವ ಎಲ್ಲ ಮೂತ್ರದಲ್ಲಿ ಸೋರಿ ಹೋಗ್ತಿದೆ. ನೀವು ನೋಡ್ತಿರೋದು ದಪ್ಪ ಅಲ್ಲ, ನೀರು" ಎಂದರು. ಹೆಚ್ಚಿನ ಮಕ್ಕಳಿಗೆ ಸ್ಟೆರಾಯ್ಡ್ ಮಾತ್ರೆಯಲ್ಲಿ ಗುಣವಾಗುತ್ತದೆ, ಆದರೆ ತಿಂಗಳುಗಟ್ಟಲೆ ಕೊಡಬೇಕು, ನಿಲ್ಲಿಸುವುದಾದರೂ ತಾವು ಹೇಳಿದಂತೆ ಮೆಟ್ಟಿಲಿಳಿದ ಹಾಗೆ ಇಳಿಸಬೇಕು, ಉಪ್ಪು ಮುಟ್ಟಿಸಬಾರದು ಎಂದು ಎರಡೆರಡು ಸಲ ಹೇಳಿದರು. ಆಮೇಲೆ ನರ್ಸು ಸ್ಫೂರ್ತಿಗೆ ಒಂದು ಕೆಲಸ ಕಲಿಸಿದಳು: ಬೆಳಗಿನ ಮೊದಲ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಿಡಿದು, ಅದರ ಮೇಲುಭಾಗವನ್ನು ಮೇಣದಬತ್ತಿಯ ಉರಿಗೆ ಕಾಯಿಸುವುದು, ಎರಡು ಹನಿ ವಿನೆಗರ್ ಬಿಡುವುದು. ತಿಳಿಯಾಗಿಯೇ ಉಳಿದರೆ ಸರಿ. ಬೆಳ್ಳಗೆ ಮೋಡ ಕಟ್ಟಿದರೆ ಸತ್ವ ಸೋರುತ್ತಿದೆ. ಮೊಸರಿನ ಹಾಗೆ ಒಡೆದರೆ ಆಸ್ಪತ್ರೆಗೆ ಓಡಬೇಕು.

"ಲಿಂಗಪೂಜೆ ಮಾಡೋ ಮನೇಲಿ ಉಚ್ಚೆ ಕಾಯಿಸ್ತಾರೇನೇ!" ಎಂದು ಕಲ್ಲಮ್ಮ ಮೊದಲ ದಿನ ಹೌಹಾರಿದಳು. ಅದಕ್ಕೇ ಆ ಕೆಲಸ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಡೆಯತೊಡಗಿತು. ಆದರೆ ದಿನ ಬೆಳಗಾದರೆ ಸ್ಫೂರ್ತಿಗಿಂತ ಮೊದಲು ಹಿತ್ತಿಲ ಬಾಗಿಲಲ್ಲಿ ನಿಂತು, "ಏನಾಯ್ತೇ? ಬೆಳ್ಳಗಾಯ್ತಾ?" ಎಂದು ಕೇಳುವವಳೂ ಅವಳೇ.

ಬೆಳ್ಳಗಾಗುತ್ತಿತ್ತು. ದಿನವೂ ಮೋಡ.

ಕಲ್ಲಮ್ಮ ಕೈಕಟ್ಟಿ ಕೂರುವವಳಲ್ಲ. ಮನೆದೇವರು ವೀರಭದ್ರನಿಗೆ ಹರಕೆ ಹೊತ್ತಳು. ಮಗು ಹುಷಾರಾದರೆ ಅವಳ ತೂಕದ ಬೆಲ್ಲದಲ್ಲಿ ತುಲಾಭಾರ. ದಿನಾ ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಮೈಯ ನೀರು ಇಳಿಯಿತೇ ಎಂದು ನೋಡುವ ಸ್ಫೂರ್ತಿಗೆ, ತೂಕ ಏರಿದಷ್ಟೂ ದೇವರಿಗೆ ಬೆಲ್ಲ ಜಾಸ್ತಿ ಎಂಬುದು ನಗಬೇಕೋ ಅಳಬೇಕೋ ತಿಳಿಯದ ಮಾತಾಗಿತ್ತು. ಆದರೆ ಕಲ್ಲಮ್ಮನದು ಬರೀ ಬೆಲ್ಲದ ಮಾತಲ್ಲ. ಮದುವೆಯಾದಂದಿನಿಂದ ಬಾಯಲ್ಲಿಟ್ಟುಕೊಂಡಿದ್ದ ಎಲೆಅಡಿಕೆಯನ್ನು ಒಂದೇ ಬೆಳಗ್ಗೆ ಬಿಟ್ಟುಬಿಟ್ಟಳು. ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಚೀಲವನ್ನು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದಳು. ಎರಡು ದಿನ ತಲೆನೋವು, ಕೈನಡುಕ, ಎಲ್ಲರ ಮೇಲೂ ಸಿಡುಕು.

"ಅತ್ತೆ, ಇಷ್ಟು ಕಷ್ಟಪಟ್ಟು ಯಾಕೆ?" ಎಂದು ಸ್ಫೂರ್ತಿ ಕೇಳಿದರೆ,

"ಹರಕೆ ಅಂದ್ರೆ ಏನಂದ್ಕೊಂಡೆ? ಬಾಯಲ್ಲಿ ಕೇಳಿದ್ರೆ ಆಯ್ತಾ? ಯಾವುದನ್ನ ಬಿಟ್ಟಿರೋಕೆ ಆಗಲ್ವೋ ಅದನ್ನ ಬಿಡ್ಬೇಕು. ಆಗ ಅವನು ತಿರುಗಿ ನೋಡ್ತಾನೆ" ಎಂದಿದ್ದಳು.

ಆ ಮಾತು ಸ್ಫೂರ್ತಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ತಾನು ಏನು ಬಿಟ್ಟೆ? ಮಗಳ ಜೊತೆ ತಾನೂ ಉಪ್ಪು ಬಿಟ್ಟಿದ್ದಳು ನಿಜ. ಅದು ಬಿಟ್ಟದ್ದೇ ಅಲ್ಲ, ಎದುರಿಗೆ ಕೂತು ಉಪ್ಪು ಹಾಕಿದ ಉಪ್ಪಿಟ್ಟು ತಿನ್ನಲು ಆಗದೆ ನಿಂತುಹೋದದ್ದು.

ಶಾಲೆ, ನೆಂಟರು, ಬೀದಿಯ ಮಕ್ಕಳು, ಯಾರ ನೆಗಡಿಯೂ, ಸೋಂಕು ತಡೆಯುವ ಶಕ್ತಿ ಕುಗ್ಗಿದ್ದ ಗಾನವಿಗೆ ತಗಲಬಾರದಿತ್ತು. ಗೋಪಾಳದ ಮನೆಗೆ ನೋಡಲು ಬರುವವರನ್ನು ತಡೆಯುವುದು ಹೇಗೆ? ಗಂಡ ವಿಜಯಕುಮಾರ್ ಮಲವಗೊಪ್ಪದಲ್ಲಿ ಬೋರ್‌ವೆಲ್ ಮೋಟಾರು ವೈಂಡಿಂಗ್ ಅಂಗಡಿ ಇಟ್ಟವನು. ಬೇಸಿಗೆ ಬಂತೆಂದರೆ ಸುಟ್ಟ ಮೋಟಾರುಗಳು ಅಂಗಡಿಯ ಮುಂದೆ ಸಾಲಾಗಿ ಮಲಗಿರುತ್ತವೆ. "ಸ್ವಲ್ಪ ದಿನ ನಿಮ್ಮಪ್ಪನ ಮನೇಲಿ ಇದ್ದು ಬಾ. ಅಲ್ಲಿ ಜನ ಕಮ್ಮಿ. ನಾನು ದಿನಾ ಬಂದು ಹೋಗ್ತೀನಿ" ಎಂದು ಅವನೇ ಹೇಳಿದ. ಹಾಗೆ ಸ್ಫೂರ್ತಿ ಭದ್ರಾವತಿಯ ನ್ಯೂ ಟೌನಿಗೆ ಬಂದಳು.

ಅಪ್ಪ ಜಂಬಣ್ಣ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಹೋದ ಮೇಲೆ ಮಾತು ಕಡಿಮೆ, ಪೇಪರು ಜಾಸ್ತಿ. ಮೊಮ್ಮಗಳ ಊದಿದ ಮುಖ ನೋಡಲಾಗದೆ ದಿನಕ್ಕೆ ಎರಡು ಸಲ ಬಾಳೆಹಣ್ಣು ತರಲು ಹೋಗುತ್ತಿದ್ದರು. ಮಾತ್ರೆ ಬಹಳ ಕಹಿ. ಬಾಳೆಹಣ್ಣಿನಲ್ಲಿ ಅರೆದು ಕೊಟ್ಟರೆ ಮಾತ್ರ ಗಾನವಿ ನುಂಗುತ್ತಿದ್ದಳು. ಹೀಗಾಗಿ ಮನೆಯಲ್ಲಿ ಎಲ್ಲಿ ನೋಡಿದರೂ ಬಾಳೆಹಣ್ಣಿನ ಚಿಪ್ಪು.

ಪಕ್ಕದ ಮನೆಯವರು ಶಕುಂತಲಮ್ಮ. ಗಂಡ ಜಂಬಣ್ಣನ ಜೊತೆ ಕೆಲಸ ಮಾಡಿದವರು, ಈಗಿಲ್ಲ. ಮನೆಮಾತು ತಮಿಳು, ಬೀದಿಮಾತು ಕನ್ನಡ, ಬೈಯುವುದು ಎರಡರಲ್ಲೂ. ಕ್ರೈಸ್ತರು. ಕ್ರಿಸ್‌ಮಸ್ಸಿಗೆ ಅವರು ಕೊಡುತ್ತಿದ್ದ ರೋಸ್ ಕುಕ್ಕಿ ಎಂಬ ಹೂವಿನಾಕಾರದ ಕರಿದ ತಿಂಡಿಗಾಗಿ ಸ್ಫೂರ್ತಿ ಸಣ್ಣವಳಿದ್ದಾಗ ವರ್ಷಪೂರ್ತಿ ಕಾಯುತ್ತಿದ್ದಳು. ಅವರ ಮಗ ಜಯಶೀಲ ಅವಳ ಕ್ಲಾಸಿನವನು. ನಾಲ್ಕನೇ ಕ್ಲಾಸಿನಲ್ಲಿ ಮಿದುಳು ಜ್ವರ ಬಂದು ತೀರಿಹೋದ. ಆ ದಿನ ಅಮ್ಮ ತನ್ನನ್ನು ಮನೆಯೊಳಗೆ ಕೂಡಿಹಾಕಿದ್ದು, ಕಿಟಕಿಯಿಂದ ಒಂದು ಚಿಕ್ಕ ಬಿಳಿಯ ಪೆಟ್ಟಿಗೆ ಕಂಡದ್ದು ಸ್ಫೂರ್ತಿಗೆ ಇನ್ನೂ ನೆನಪಿದೆ.

ಶಕುಂತಲಮ್ಮ ಬಂದ ಮೊದಲ ದಿನ ದೇವರ ಮಾತನ್ನೇ ಎತ್ತಲಿಲ್ಲ. ಅಡುಗೆಮನೆಗೆ ನುಗ್ಗಿ, "ಉಪ್ಪಿಲ್ಲ ಅಂತ ಮಗುಗೆ ಹಿಂಗೆ ನೀರು ಸಾರು ಕೊಡ್ತೀಯೇನೇ? ನಿಂಬೆಹುಳಿ ಹಿಂಡು, ಜೀರಿಗೆ ಪುಡಿ ಹಾಕು, ನಾಲಿಗೆಗೆ ಮೋಸ ಮಾಡು" ಎಂದು ಸೆರಗು ಸಿಕ್ಕಿಸಿಕೊಂಡರು. ಅಂದು ಗಾನವಿ ಎಷ್ಟೋ ದಿನಗಳ ಮೇಲೆ ತಟ್ಟೆ ಖಾಲಿ ಮಾಡಿದಳು.

ಇನ್ನೊಂದು ಸಂಜೆ ಮಗುವಿನ ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. "ಅಮ್ಮ, ಲೈಟ್ ಹಾಕು" ಎಂದು ಹಟ ಮಾಡುತ್ತಿದ್ದಳು. ಲೈಟು ಉರಿಯುತ್ತಲೇ ಇತ್ತು. ಸ್ಫೂರ್ತಿಗೆ ಅಳು ತಡೆಯಲಾಗಲಿಲ್ಲ. ಶಕುಂತಲಮ್ಮ ಮಂಚದ ಅಂಚಿನಲ್ಲಿ ಕೂತು, ಮಗುವಿನ ಹಣೆಯ ಮೇಲೆ ಕೈಯಿಟ್ಟು ಮಾತಾಡತೊಡಗಿದರು. ಮಂತ್ರವಲ್ಲ, ಹಾಡಲ್ಲ. ಎದುರು ಕುರ್ಚಿಯಲ್ಲಿ ಯಾರೋ ಮನೆಯವರು ಕೂತಿದ್ದಾರೆ ಎನ್ನುವಂತೆ. "ನೋಡಪ್ಪ ಯೇಸುವೇ, ಈ ಕೂಸಿಗೆ ಕಣ್ಣು ಬಿಡೋಕಾಗ್ತಿಲ್ಲ. ಇವಳಮ್ಮನಿಗೆ ಧೈರ್ಯ ಸಾಲ್ತಿಲ್ಲ. ನಿನಗೆ ಗೊತ್ತಿದೆ. ಇಬ್ಬರ ಹತ್ರಾನೂ ಕೂತ್ಕೋ." ಅಷ್ಟೇ. ಏನೂ ಕೊಡುತ್ತೇನೆ ಎನ್ನಲಿಲ್ಲ, ಏನೂ ಮಾಡಿಸುತ್ತೇನೆ ಎನ್ನಲಿಲ್ಲ.

ಸ್ಫೂರ್ತಿಗೆ ಅಂದು ಏನೋ ಆಯಿತು. ಮಗು ಕಾಯಿಲೆ ಬಿದ್ದಂದಿನಿಂದ ಎಲ್ಲರೂ ಅವಳಿಗೆ ಕೆಲಸ ಹೇಳಿದ್ದರು: ಇದು ಕೊಡು, ಅಲ್ಲಿ ಹೋಗು, ಅದು ಕಟ್ಟಿಸು. ಅವಳ ಹತ್ತಿರ ಕೂತುಕೋ ಎಂದು ಯಾರಿಗಾದರೂ ಹೇಳಿದವರು ಇವರೊಬ್ಬರೇ. ಎಲ್ಲರೂ ಮಲಗಿದ ಮೇಲೆ ಅವಳೂ ಹಾಗೆಯೇ, ಮೆಲ್ಲಗೆ, ನಾಚಿಕೊಂಡು, "ನೀನು ಇಲ್ಲಿದ್ದೀಯಾ?" ಎಂದು ಕೇಳಿದಳು. ಉತ್ತರವೇನೂ ಬರಲಿಲ್ಲ. ಆದರೆ ಕೋಣೆ ಖಾಲಿ ಇಲ್ಲ ಅನಿಸಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಹೇಳಿದರೆ ಕರಗಿಹೋದೀತು ಎಂಬಂತೆ ಒಳಗೇ ಇಟ್ಟುಕೊಂಡಳು.

ಅದೇ ವಾರ ಒಂದು ಬೆಳಗ್ಗೆ ನಳಿಗೆ ಕಾಯಿಸಿದಾಗ ಮೋಡ ಕಟ್ಟಲಿಲ್ಲ. ಇನ್ನೊಮ್ಮೆ ಕಾಯಿಸಿದಳು. ತಿಳಿಯಾದ ಎಳನೀರಿನ ಹಾಗೆ. ಮರುದಿನವೂ ತಿಳಿ. ಅದರ ಮರುದಿನವೂ. ಗಾನವಿಯ ಕೆನ್ನೆ ಇಳಿಯಿತು, ಕಣ್ಣು ತೆರೆಯಿತು. ತಕ್ಕಡಿಯ ಮುಳ್ಳು ಹಿಂದಕ್ಕೆ ಬಂತು. ಡಾಕ್ಟರು ಫೋನಿನಲ್ಲಿ, "ತುಂಬಾ ಒಳ್ಳೇದು. ಮಾತ್ರೆ ಕೆಲಸ ಮಾಡ್ತಿದೆ. ಒಂದು ದಿನಾನೂ ತಪ್ಪಿಸ್ಬೇಡಿ" ಎಂದರು.

ಸ್ಫೂರ್ತಿಯ ಕಿವಿಗೆ ಮಾತ್ರೆ ಎಂಬ ಮಾತು ಆಗ ಚುಚ್ಚಿತು. ಗುಣ ಮಾಡಿದ್ದು ಯಾರು? ನಂಬಿದ್ದು ಯಾರನ್ನು? ಮೊಳೆಗೆ ನೇತುಬಿದ್ದ ಎಲೆಚೀಲ ಕಣ್ಣ ಮುಂದೆ ಬಂತು. ಬಿಟ್ಟಿರಲಾಗದ್ದನ್ನು ಬಿಡಬೇಕು. ಆಗ ಅವನು ತಿರುಗಿ ನೋಡುತ್ತಾನೆ. ತಾನು ಈಗ ಬಿಟ್ಟಿರಲಾರದೆ ಗಟ್ಟಿಯಾಗಿ ಹಿಡಿದುಕೊಂಡಿರುವುದು ಯಾವುದನ್ನು? ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿರುವ ಆ ಬೆಳ್ಳಿ ಬಣ್ಣದ ಮಾತ್ರೆ ಪಟ್ಟಿಯನ್ನು. ಬಸ್ಸಿನಲ್ಲಿ ಕೂತರೂ ಅದು ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಗೋಪಾಳಕ್ಕೆ ಹಿಂತಿರುಗುವ ಮುಂಚಿನ ಭಾನುವಾರ ಅವಳು ಗಾನವಿಯನ್ನು ಕರೆದುಕೊಂಡು ಶಕುಂತಲಮ್ಮನ ಜೊತೆ ಅವರ ಸಣ್ಣ ಪ್ರಾರ್ಥನಾಲಯಕ್ಕೆ ಹೋದಳು. ಶೀಟು ಹೊದಿಸಿದ ಒಂದು ಹಾಲು, ಪ್ಲಾಸ್ಟಿಕ್ ಕುರ್ಚಿಗಳು, ಹಾರ್ಮೋನಿಯಂ. ಬಾಗಿಲ ಪಕ್ಕ ಮರದ ಡಬ್ಬಿಯೊಂದಿತ್ತು. ಕೃತಜ್ಞತೆಯ ಕಾಣಿಕೆ ಹಾಕುವವರು ಹಾಕುವುದು, ತಿಂಗಳ ಕೊನೆಗೆ ತೆರೆಯುವುದು. ಪ್ರಾರ್ಥನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಸ್ಫೂರ್ತಿ ಬ್ಯಾಗಿನಿಂದ ಮಾತ್ರೆಯ ಪಟ್ಟಿ ತೆಗೆದು, ಕಣ್ಣಿಗೊತ್ತಿಕೊಂಡು, ಹುಂಡಿಗೆ ಚಿನ್ನ ಹಾಕುವವರ ಭಕ್ತಿಯಲ್ಲಿ ಡಬ್ಬಿಯ ಸೀಳಿನೊಳಗೆ ತೂರಿಸಿದಳು. ಒಳಗೆ ಅದು ಸಣ್ಣದಾಗಿ ಟಪ್ ಎಂದಿತು. ಮೈ ಹಗುರಾಯಿತು. ಇನ್ನು ನೀನೇ, ಎಂದುಕೊಂಡಳು.

ಗೋಪಾಳದ ಮನೆಯಲ್ಲಿ ಕಲ್ಲಮ್ಮ ಆರತಿ ಎತ್ತಿ ಮೊಮ್ಮಗಳನ್ನು ಒಳಗೆ ಕರೆದುಕೊಂಡಳು. ರಾತ್ರಿ ಊಟಕ್ಕೆ ಕೂತ ವಿಜಯಕುಮಾರ್, "ಮಾತ್ರೆ ಆಯ್ತಾ?" ಎಂದು ಕೇಳಿದ.

"ಆಯ್ತು" ಎಂದಳು ಸ್ಫೂರ್ತಿ. ಕೈಯಲ್ಲಿ ಬರೀ ಬಾಳೆಹಣ್ಣು ಕಿವುಚಿದ ಬಟ್ಟಲಿತ್ತು.

ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಸುಳ್ಳು ಹೇಳುತ್ತಿದ್ದೇನೆ ಅನಿಸಿದಾಗ ಇದು ನಂಬಿಕೆ ಎಂದು ಸಮಾಧಾನ ಮಾಡಿಕೊಂಡಳು. ಗಂಡನಿಗೆ ಹೇಳಿದರೆ ಅರ್ಥವಾಗುವುದಿಲ್ಲ, ಅತ್ತೆಗೆ ಹೇಳಿದರೆ ಯೇಸುವಿನ ಹೆಸರು ಕೇಳಿಯೇ ಮನೆ ತಲೆಕೆಳಗಾಗುತ್ತದೆ. ಮೊದಲ ಕೆಲವು ದಿನ ನಳಿಗೆ ತಿಳಿಯಾಗಿಯೇ ಇತ್ತು. ಆಮೇಲೆ ಗಾನವಿ ಆಟದ ಮಧ್ಯೆ ಕೂತುಬಿಡತೊಡಗಿದಳು. "ಕಾಲಲ್ಲಿ ಶಕ್ತಿ ಇಲ್ಲ ಅಮ್ಮ." ಒಂದು ನೆಗಡಿ ಬಂತು. ಒಂದು ಬೆಳಗ್ಗೆ ನಳಿಗೆಯ ಮೇಲ್ಭಾಗದಲ್ಲಿ ಹೊಗೆಯಂತೆ ಬಿಳಿ ಕಂಡಿತು. ಬಾಗಿಲಲ್ಲಿದ್ದ ಕಲ್ಲಮ್ಮ, "ಏನಾಯ್ತೇ?" ಎಂದಳು.

"ಏನಿಲ್ಲ ಅತ್ತೆ. ತಿಳಿ."

ಪರೀಕ್ಷೆ ಇರಬೇಕು ಎಂದುಕೊಂಡಳು ಸ್ಫೂರ್ತಿ. ಹರಕೆ ಹೊತ್ತವರು ಮಧ್ಯದಲ್ಲಿ ಹೆದರಿದರೆ ಹರಕೆ ಮುರಿದಂತೆ. ಮಾರನೆಯ ದಿನ ನಳಿಗೆಯಲ್ಲಿ ಮೊಸರು ಒಡೆಯಿತು. ಮೇಣದಬತ್ತಿ ಊದಿ ಆರಿಸಿದಳು. ಅವಳು ಬ್ಯಾಗು ತೆಗೆದುಕೊಂಡು ಮೆಡಿಕಲ್ ಸ್ಟೋರಿನ ತನಕ ಹೋದಳು. ಹೋಗಿ, ಕೌಂಟರಿನ ಮುಂದೆ ನಿಂತು, ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡರೆ ಮಗುವಿಗೇ ಏನಾದರೂ ಆದೀತು ಎಂಬ ಭಯ ಹುಟ್ಟಿ, ಒಂದು ಬಿಸ್ಕತ್ತಿನ ಪೊಟ್ಟಣ ಕೊಂಡು ವಾಪಸು ಬಂದಳು. ಹರಕೆ ಮುರಿದವರ ಮನೆಯ ಕತೆಗಳನ್ನು ಕೇಳುತ್ತಲೇ ಬೆಳೆದವಳಲ್ಲವೇ ಅವಳು. ಆ ಭಯವನ್ನೂ ಅವಳು ನಂಬಿಕೆ ಎಂದೇ ಕರೆದಳು.

ಶನಿವಾರ ಬೆಳಗ್ಗೆ ಗಾನವಿ ಹೊಟ್ಟೆ ಹಿಡಿದುಕೊಂಡು ಕಿರುಚಿದಳು. ವಾಂತಿ, ಜ್ವರ, ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ವಿಜಯಕುಮಾರ್ ಮಗುವನ್ನು ತೋಳಿನಲ್ಲಿ ಎತ್ತಿಕೊಂಡು ಬರಿಗಾಲಲ್ಲೇ ಆಟೋ ಹತ್ತಿದ.

ಡಾಕ್ಟರು ಹೊಟ್ಟೆ ಮುಟ್ಟಿ, ರಕ್ತದೊತ್ತಡ ನೋಡಿ ಮುಖ ಗಂಟಿಕ್ಕಿದರು. "ಮಾತ್ರೆ ತಪ್ಪಿಸಿಲ್ಲ ತಾನೇ?"

ವಿಜಯಕುಮಾರ್ ತಟ್ಟನೆ ಹೇಳಿದ: "ಇಲ್ಲ ಮೇಡಂ, ದಿನಾ ನಾನೇ ಕೇಳ್ತೀನಿ. ಇವಳು ಒಂದಿನಾನೂ ತಪ್ಪಿಸಿಲ್ಲ."

ಡಾಕ್ಟರು ಸ್ಫೂರ್ತಿಯ ಕಡೆ ತಿರುಗಿದರು. ಪಕ್ಕದಲ್ಲಿ ಕಲ್ಲಮ್ಮ ಮೊಮ್ಮಗಳ ಪಾದ ಹಿಡಿದು ನಿಂತಿದ್ದಳು. ಸ್ಫೂರ್ತಿ ತಲೆಯಾಡಿಸಿದಳು. ತಪ್ಪಿಸಿಲ್ಲ ಎಂದು.

"ಹಾಗಾದ್ರೆ ಯೋಚ್ನೆ ಮಾಡ್ಬೇಕಾದ್ದೇ" ಎಂದರು ಡಾಕ್ಟರು. "ಮಾತ್ರೆ ನಡೀತಿದ್ದಾಗಲೇ ಹಿಂಗಾಗಿದೆ ಅಂದ್ರೆ ಇವಳ ಮೈ ಆ ಔಷಧಿಗೆ ಬಗ್ತಿಲ್ಲ ಅಂತ. ಕಿಡ್ನಿಯಿಂದ ಚೂರು ತೆಗೆದು ಟೆಸ್ಟ್ ಮಾಡಿಸ್ಬೇಕಾಗುತ್ತೆ. ಇನ್ನೂ ಸ್ಟ್ರಾಂಗ್ ಔಷಧಿ ಶುರು ಮಾಡ್ಬೇಕಾಗಬಹುದು. ಮಣಿಪಾಲಕ್ಕೆ ಬರೆದು ಕೊಡ್ತೀನಿ, ಮೊದಲು ಈ ಇನ್ಫೆಕ್ಷನ್ ಇಳೀಲಿ." ಮಗುವಿನ ಕೈಗೆ ಸೂಜಿ ಚುಚ್ಚಿದರು. ಗಾನವಿಗೆ ಅಳಲೂ ಶಕ್ತಿ ಇರಲಿಲ್ಲ. ಬಾಯಿ ತೆರೆದಳು, ಸದ್ದು ಬರಲಿಲ್ಲ.

ಸ್ಫೂರ್ತಿ ಕಾರಿಡಾರಿಗೆ ಬಂದು ಗೋಡೆಗೆ ಒರಗಿದಳು. ಪ್ರಾರ್ಥಿಸಲು ಬಾಯಿ ತೆರೆದಳು. ಇನ್ನೇನು ಕೊಡಲಿ ಎಂಬ ಒಂದೇ ಪ್ರಶ್ನೆ ಸುತ್ತುತ್ತಿತ್ತು. ತಾಳಿ ಕೊಡಲೇ, ಕೂದಲು ಕೊಡಲೇ, ಊಟ ಬಿಡಲೇ.

ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಶಕುಂತಲಮ್ಮ ಬಂದರು. ಮೊದಲು ಗೋಪಾಳಕ್ಕೆ ಹೋಗಿ, ಬೀಗ ನೋಡಿ, ವಿಶಾಲಮ್ಮನನ್ನು ಕೇಳಿಕೊಂಡು ಇಲ್ಲಿಗೆ ಬಂದಿದ್ದರು. ಅವಳನ್ನು ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ಎಳೆದುಕೊಂಡು ಹೋಗಿ ಕರವಸ್ತ್ರ ಬಿಚ್ಚಿದರು. ಒಳಗೆ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ.

"ಇವತ್ತು ಡಬ್ಬಿ ತೆಗೆದ್ರು. ನಾನು ಮೊದ್ಲು ಯಾವುದೋ ಮಕ್ಕಳು ತುಂಟತನಕ್ಕೆ ಹಾಕಿವೆ ಅಂದ್ಕೊಂಡೆ. ಆಮೇಲೆ ಹೆಸರು ಓದಿದೆ. ಈ ಹೆಸರು ನಾನು ನಿನ್ನ ಕೈಯಲ್ಲಿ ದಿನಾ ನೋಡಿದ್ದೆ." ಪಟ್ಟಿಯನ್ನು ಅವಳ ಕೈಗೆ ಒತ್ತಿದರು. "ಯಾರು ಕೇಳಿದ್ರೇ ನಿನ್ನ ಇದನ್ನ? ನಾನು ಕೇಳಿದ್ನಾ? ಪಾಸ್ಟರ್ ಕೇಳಿದ್ರಾ? ಅವನು ಕೇಳಿದ್ನಾ?"

"ನಾನೇ ಕೊಟ್ಟೆ ಆಂಟಿ. ನಂಬಿಕೆ ಅಂತ. ಬಿಟ್ಟಿರೋಕೆ ಆಗದ್ದನ್ನ ಬಿಟ್ರೆ..."

"ಮಗುನ ಔಷಧಿ ಕಿತ್ಕೊಂಡು ಅವನಿಗೆ ಏನಾಗ್ಬೇಕೇ? ಅವನೇನು ಕಾಯಿಲೆ ಬಿದ್ದಿದ್ದಾನಾ?" ಎಂದು ಶಕುಂತಲಮ್ಮ ಗದರಿದರು. ಆಮೇಲೆ ಅವಳ ಮುಖ ನೋಡಿ ಅವರ ದನಿ ಇಳಿಯಿತು. ಕಿಟಕಿಯ ಕಟ್ಟೆಗೆ ಒರಗಿದರು. "ನೋಡು, ಯೇಸು ಇದ್ದ ಕಾಲದಲ್ಲಿ ಒಬ್ಬನ ಮಗಳು, ಹನ್ನೆರಡು ವರ್ಷದ್ದು, ಮಲಗಿಬಿಟ್ಟಿತ್ತು. ಎಲ್ರೂ ಹೋಯ್ತು ಅಂತ ಎದೆ ಬಡ್ಕೊಳ್ತಿದ್ರು. ಅವನು ಹೋಗಿ ಕೈ ಹಿಡಿದು ಎಬ್ಬಿಸಿದ. ಆ ಮನೆಯವರ ಹತ್ರ ಏನೂ ಬೇಡಲಿಲ್ಲ ಕಣೇ. ಒಂದೇ ಮಾತು ಅಂದ, ಮಗುಗೆ ಏನಾದ್ರೂ ತಿನ್ನೋಕೆ ಕೊಡಿ ಅಂದ. ಅಂಥವನು ಅವನು. ಮಗುಗೆ ಹಸಿವಾಗಿರುತ್ತೆ ಅಂತ ಗೊತ್ತಿರೋವನು."

ಸ್ಫೂರ್ತಿ ಕೇಳಬಾರದು ಎಂದುಕೊಂಡಿದ್ದನ್ನು ಕೇಳಿಬಿಟ್ಟಳು. "ಜಯಶೀಲನ್ನ ಯಾಕೆ ಎಬ್ಬಿಸ್ಲಿಲ್ಲ ಆಂಟಿ?"

ಶಕುಂತಲಮ್ಮ ಕಿಟಕಿಯ ಹೊರಗೆ ನೋಡಿದರು. ಕೆಳಗೆ ಆಟೋದವರು ಬಾಡಿಗೆಗೆ ಜಗಳಾಡುತ್ತಿದ್ದರು.

"ಗೊತ್ತಿಲ್ಲ. ಔಷಧಿನೂ ಕೊಡಿಸ್ದೆ, ಮೊಣಕಾಲು ಊರಿ ಅತ್ತೂ ಅತ್ತೆ. ಎರಡೂ ಆಗ್ಲಿಲ್ಲ. ಇವತ್ತಿಗೂ ಕೇಳ್ತೀನಿ, ಅವನು ಹೇಳಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ಆದ್ರೆ ಮಣ್ಣು ಮಾಡಿ ಬಂದ್ಮೇಲೆ ಎಲ್ರೂ ಅವರವರ ಮನೆಗೆ ಹೋದ್ರು. ಅವನೊಬ್ಬ ಹೋಗ್ಲಿಲ್ಲ. ಅಷ್ಟು ಗೊತ್ತು ನಂಗೆ. ಈಗ ಹೋಗು, ಡಾಕ್ಟರಿಗೆ ಹೇಳು."

"ಇವರು ನನ್ನನ್ನ ಮನೆಗೆ ಸೇರಿಸಲ್ಲ ಆಂಟಿ."

"ಸೇರಿಸದೇ ಇರಬಹುದು. ಆದ್ರೂ ಹೇಳು. ಹೇಳದೇ ಇದ್ರೆ ಬೇಡದ ಔಷಧಿ ಕೊಡ್ತಾರೆ, ಬೇಕಾದ್ದು ಕೊಡಲ್ಲ. ಏನಾದ್ರೂ ಬಿಡ್ಲೇಬೇಕು ಅಂತಿದ್ರೆ ಆ ಹೆದರಿಕೆ ಬಿಡು ಮಾರಾಯ್ತಿ."

ಸ್ಫೂರ್ತಿ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ವಾರ್ಡಿನೊಳಗೆ ಹೋದಳು. ಜೊತೆಗಿರು, ಎಂದಳು ಒಳಗೊಳಗೇ. ಡಬ್ಬಿಗೆ ಮಾತ್ರೆ ಹಾಕಿದಂದಿನಿಂದ, ಏನನ್ನೂ ಕೊಡುವ ಮಾತಿಲ್ಲದ ಅವಳ ಮೊದಲ ಪ್ರಾರ್ಥನೆ ಅದು.

ಡಾಕ್ಟರು ಮಗುವಿನ ನಾಡಿ ಹಿಡಿದು ನಿಂತಿದ್ದರು. "ಮೇಡಂ, ನಾನು ಸುಳ್ಳು ಹೇಳಿದೆ. ಭದ್ರಾವತಿಯಿಂದ ಬಂದಾಗಿಂದ ಮಾತ್ರೆ ಕೊಟ್ಟಿಲ್ಲ. ದೇವರಿಗೆ ಕಾಣಿಕೆ ಅಂತ ಅಲ್ಲಿ ಯೇಸುವಿನ ಪ್ರಾರ್ಥನಾಲಯದ ಡಬ್ಬಿಗೆ ಹಾಕ್ಬಿಟ್ಟೆ."

ಡಾಕ್ಟರು ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. "ಸಿಸ್ಟರ್!" ಎಂದು ಕೂಗಿ ಇಂಜೆಕ್ಷನ್ ಹೆಸರು ಹೇಳಿದರು. ಅದು ಮೈಗೆ ಹೋದ ಮೇಲೆ ತಿರುಗಿ, "ಹಿಂಗೆ ಒಮ್ಮೆಲೇ ನಿಲ್ಲಿಸಿದ್ರೆ ಮೈ ಕುಸಿದುಬಿಡುತ್ತೆ. ಇದನ್ನ ಬೆಳಗ್ಗೆಯೇ ಹೇಳ್ಬೇಕಿತ್ತು ನೀವು. ಈಗಲಾದ್ರೂ ಹೇಳಿದ್ರಲ್ಲ. ಮಣಿಪಾಲದ ಮಾತು ಸದ್ಯಕ್ಕೆ ಬೇಡ. ಮಾತ್ರೆ ಮೊದಲಿಂದ ಶುರು ಮಾಡೋಣ, ಬಗ್ಗುತ್ತೋ ಇಲ್ವೋ ನೋಡೋಣ" ಎಂದರು.

ವಿಜಯಕುಮಾರ್ ಅವಳ ಕಡೆ ತಿರುಗಿದ. "ದಿನಾ ಕೇಳ್ತಿದ್ನಲ್ಲೇ. ದಿನಾ ಆಯ್ತು ಅಂದ್ಯಲ್ಲೇ." ಬಾಗಿಲಲ್ಲಿ ನಿಂತಿದ್ದ ಶಕುಂತಲಮ್ಮನನ್ನು ಕಂಡು, "ನೀವಾ ತಲೆ ಕೆಡಿಸಿದ್ದು? ಇನ್ಮೇಲೆ ನಮ್ಮ ಮನೆ ಕಡೆ ಬರ್ಬೇಡಿ" ಎಂದ.

"ಅವರು ಹೇಳ್ಲಿಲ್ಲ ರೀ, ಅವರಿಗೆ ಗೊತ್ತೇ ಇರ್ಲಿಲ್ಲ..."

"ಆಯ್ತಪ್ಪ, ಬರಲ್ಲ" ಎಂದರು ಶಕುಂತಲಮ್ಮ. ಗಾನವಿಯ ಕಡೆ ಒಂದು ಸಲ ನೋಡಿ, ಕರವಸ್ತ್ರ ಮಡಚಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದರು.

ಆಗ ಯಾರೂ ನಿರೀಕ್ಷಿಸದ ಕಡೆಯಿಂದ ಮಾತು ಬಂತು. ಕಲ್ಲಮ್ಮ ಮೊಮ್ಮಗಳ ಪಾದ ಬಿಡದೆ, "ವಿಜಿ, ಅವಳೊಬ್ಬಳ ಮೇಲೆ ಹಾಕ್ಬೇಡ. ಬಿಡೋಕಾಗದ್ದನ್ನ ಬಿಡು ಅಂತ ಹೇಳಿದ್ದು ನಾನು. ನನ್ನ ಬಾಯಿಂದ ಕಲ್ತು ಅವಳ ದೇವರ ಮನೇಲಿ ಹೋಗಿ ಮಾಡಿದ್ದಾಳೆ. ಯಾವ ದೇವರಾದ್ರೂ ಮಗಿನ ಮಾತ್ರೆ ಕೇಳ್ತಾನೇನೇ ದಡ್ಡಿ" ಎಂದಳು. ಕೊನೆಯ ಮಾತಿನಲ್ಲಿ ಬೈಗುಳವಿತ್ತೋ ಅಳುವಿತ್ತೋ ತಿಳಿಯಲಿಲ್ಲ.

ಜ್ವರ ಇಳಿಯಲು ದಿನಗಳು ಹಿಡಿದವು. ಗಾನವಿ ಮನೆಗೆ ಬಂದಳು. ಆದರೆ ಮನೆ ಮೊದಲಿನಂತಿರಲಿಲ್ಲ. ಮಾತ್ರೆಯ ಪಟ್ಟಿ ವಿಜಯಕುಮಾರನ ಅಂಗಿಯ ಜೇಬು ಸೇರಿತು. ಬೆಳಗ್ಗೆ ಅವನೇ ಒಂದು ತೆಗೆದು, ಅವನೇ ಬಾಳೆಹಣ್ಣಿನಲ್ಲಿ ಅರೆದು, ಅವನೇ ಬಾಯಿಗಿಟ್ಟು, ನುಂಗಿದಳೇ ಎಂದು ಬಾಯಿ ತೆರೆಸಿ ನೋಡಿ, ಆಮೇಲೆ ಮಲವಗೊಪ್ಪಕ್ಕೆ ಹೊರಡುತ್ತಿದ್ದ. ವೈಂಡಿಂಗ್ ತಂತಿ ಸುತ್ತುವ ಒರಟು ಬೆರಳಿಗೆ ಹಣ್ಣು ಕಿವುಚಲು ಬರುತ್ತಿರಲಿಲ್ಲ. ಉಂಡೆ ಉಂಡೆ ಉಳಿದು ಗಾನವಿ ಮುಖ ಕಿವುಚುತ್ತಿದ್ದಳು. ಸ್ಫೂರ್ತಿ ಎರಡು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಂತು ನೋಡಬೇಕು. ಮಗಳಿಗೆ ಮಾತ್ರೆ ಕೊಡುವ ಕೈ ತನ್ನದಲ್ಲ ಎಂಬುದು ಬೈಗುಳಕ್ಕಿಂತ ಹೆಚ್ಚು ಸುಡುತ್ತಿತ್ತು.

ಒಂದು ದಿನ ಅವಳೇ ಹೇಳಿದಳು. "ರೀ, ನಾನು ಪ್ರಾರ್ಥನೆ ಮಾಡ್ತೀನಿ. ಯೇಸುಗೆ. ಅದನ್ನ ಬಿಡೋಕೆ ಆಗಲ್ಲ. ಆದ್ರೆ ಇನ್ಮೇಲೆ ಮುಚ್ಚಿಟ್ಟು ಏನೂ ಮಾಡಲ್ಲ. ಅದಕ್ಕೇ ಹೇಳ್ತಿದ್ದೀನಿ."

ಅವನು ಚಪ್ಪಲಿ ಮೆಟ್ಟುತ್ತಿದ್ದವನು ತಲೆ ಎತ್ತಲಿಲ್ಲ. "ಏನಾದ್ರೂ ಮಾಡ್ಕೋ. ಮಾತ್ರೆ ನನ್ನ ಹತ್ರಾನೇ ಇರ್ಲಿ."

ಭಾನುವಾರಗಳು ಬಂದು ಹೋದವು. ಭದ್ರಾವತಿಗೆ ಹೋಗುವ ಮಾತು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಶಕುಂತಲಮ್ಮ ಫೋನು ಮಾಡಿದರೆ ಕಲ್ಲಮ್ಮನ ಎದುರಿನಲ್ಲೇ ಸ್ಪೀಕರ್ ಹಾಕಿ ಮಾತಾಡುತ್ತಿದ್ದಳು. ಉಳಿದಂತೆ ಅವಳ ಪ್ರಾರ್ಥನಾಲಯ ಹಿತ್ತಿಲಿನ ಒಗೆಯುವ ಕಲ್ಲೇ ಆಯಿತು. ನಳಿಗೆ ಕಾಯುವಷ್ಟು ಹೊತ್ತು ಅವಳು ಮಾತಾಡುತ್ತಿದ್ದಳು. ಕೆಲವು ದಿನ ಸಿಟ್ಟಿನಿಂದ, ಕೆಲವು ದಿನ ಬರೀ ಹೆಸರು ಹಿಡಿದು. ಮೊದಲಿನಂತೆ ಮೈ ಹಗುರಾಗುತ್ತಿರಲಿಲ್ಲ. ಎಷ್ಟೋ ಬೆಳಗ್ಗೆ ಎದುರಿನ ಕುರ್ಚಿ ಖಾಲಿಯೇ ಅನಿಸುತ್ತಿತ್ತು. ಆದರೂ ಮಾತಾಡುವುದನ್ನು ನಿಲ್ಲಿಸಲಿಲ್ಲ. ಒಳಗೆ ಕಲ್ಲಮ್ಮ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿರುತ್ತಿದ್ದಳು. ಗಂಟೆಯ ಸದ್ದು ಹಿತ್ತಿಲ ತನಕ ಕೇಳುತ್ತಿತ್ತು. ಎಲೆಚೀಲ ಮೊಳೆಯಲ್ಲೇ ಇತ್ತು.

ನಳಿಗೆ ಮತ್ತೆ ತಿಳಿಯಾಯಿತು. ಮೈ ಔಷಧಿಗೆ ಬಗ್ಗುತ್ತಿದೆ ಎಂದು ಡಾಕ್ಟರು ಖುಷಿಪಟ್ಟರು. ಆದರೆ ಎಚ್ಚರಿಕೆಯನ್ನೂ ಕೊಟ್ಟರು: "ಈ ಕಾಯಿಲೆ ಹೋಯ್ತು ಅಂದ್ಕೋಬೇಡಿ. ಮತ್ತೆ ಮತ್ತೆ ಬರ್ತಿರುತ್ತೆ, ದೊಡ್ಡವಳಾಗೋ ತನಕ." ಮಾತ್ರೆಯನ್ನು ದಿನ ಬಿಟ್ಟು ದಿನಕ್ಕೆ ಇಳಿಸಿದರು.

ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಗ್ಗೆ ನಳಿಗೆಯ ಮೇಲ್ಭಾಗದಲ್ಲಿ ಮತ್ತೆ ಆ ಹೊಗೆಯಂಥ ಬಿಳಿ. ಹಳೆಯ ಪ್ರಶ್ನೆ ಹಳೆಯ ದಾರಿಯಲ್ಲೇ ಬಂದು ನಿಂತಿತು: ಈಗ ಏನು ಕೊಡಲಿ? ಅವಳು ಅದನ್ನು ನಿಲ್ಲಲು ಬಿಟ್ಟಳು. ಉತ್ತರ ಕೊಡಲಿಲ್ಲ. ನಳಿಗೆಯನ್ನು ಹಾಗೆಯೇ ಹಿಡಿದುಕೊಂಡು ಒಳಗೆ ಹೋಗಿ, "ರೀ, ಬೆಳ್ಳಗಾಗಿದೆ. ಸ್ವಲ್ಪ" ಎಂದಳು.

ವಿಜಯಕುಮಾರ್ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅವಳು ಆಗಲೇ ಡಾಕ್ಟರಿಗೆ ಫೋನು ಹಚ್ಚಿದ್ದಳು. ಇವತ್ತಿನಿಂದ ಮತ್ತೆ ದಿನವೂ ಕೊಡಿ, ಸಂಜೆ ಕರೆದುಕೊಂಡು ಬನ್ನಿ ಎಂದರು ಅವರು. ಮಲವಗೊಪ್ಪದಲ್ಲಿ ಯಾರೋ ಮೋಟಾರು ಇಳಿಸಿಕೊಂಡು ಕಾಯುತ್ತಿದ್ದಾರೆಂದು ವಿಜಯಕುಮಾರನ ಫೋನೂ ಬಡಿದುಕೊಳ್ಳುತ್ತಿತ್ತು. ಅವನು ಜೇಬಿನಿಂದ ಪಟ್ಟಿ ತೆಗೆದು ಒಂದು ಕ್ಷಣ ಕೈಯಲ್ಲೇ ಹಿಡಿದುಕೊಂಡು ನಿಂತ. ಆಮೇಲೆ ಇಡೀ ಪಟ್ಟಿಯನ್ನು ಬಾಳೆಹಣ್ಣಿನ ತಟ್ಟೆಯ ಪಕ್ಕ ಇಟ್ಟ.

"ನಾನು ಅರೆದ್ರೆ ಅವಳು ಉಗೀತಾಳೆ. ನೀನೇ ಕೊಡು" ಎಂದು, ಅವಳ ಮುಖ ನೋಡದೆ ಗಾಡಿಯ ಕೀಲಿ ಹುಡುಕುತ್ತ ಹೊರಟುಹೋದ.

ಸ್ಫೂರ್ತಿ ಮಾತ್ರೆ ಬಿಡಿಸಿ ಬಟ್ಟಲಿಗೆ ಹಾಕಿದಳು. ಹಣ್ಣನ್ನು ನುಣ್ಣಗೆ ಕಿವುಚಿದಳು. ಸದ್ದಿಲ್ಲದೆ ಅವಳ ತುಟಿ ಅಲುಗುತ್ತಿದ್ದುದನ್ನು ಪೂಜೆ ಮುಗಿಸಿ ಬಂದ ಕಲ್ಲಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಏನಂತೆ ನಿನ್ನ ಸ್ವಾಮಿ?"

"ಮೊದ್ಲು ಮಗುಗೆ ತಿನ್ನೋಕೆ ಕೊಡು ಅಂತ, ಅತ್ತೆ."

ಕಲ್ಲಮ್ಮ ಹಣೆಯ ವಿಭೂತಿ ಸರಿಮಾಡಿಕೊಂಡು, ಗಾನವಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. "ಹಂಗಾದ್ರೆ ಬೇಗ ಕೊಡೇ. ನೋಡ್ತಾ ನಿಂತಿದ್ದೀಯಲ್ಲ" ಎಂದಳು. "ಬಾಯಿ ತೆಗಿ ನನ್ನ ಬಂಗಾರಿ. ಆ..."